ಹೋದ ತಿಂಗಳು ಮನೇಲಿ ಯಾರಿಗಾದರೂ ಜ್ವರ ಬಂದಿತ್ತಾ?

2021ರ ಜೂನ್. ಕೋವಿಡ್‌ನ ಎರಡನೇ ಅಲೆ ಇಳಿದು ದೊಡ್ಡವರ ವಾರ್ಡುಗಳಲ್ಲಿ ಹಾಸಿಗೆಗಳು ಖಾಲಿಯಾಗುತ್ತಿದ್ದವು. ಮಕ್ಕಳ ವಿಭಾಗದಲ್ಲಿ ನಮಗೆ ನಿಜವಾದ ಕೆಲಸ ಶುರುವಾಗಿದ್ದು ಆಗ.

ಎಂಟು ವರ್ಷದ ಹುಡುಗ. ನಾಲ್ಕು ದಿನದಿಂದ ಬಿಡದ ಜ್ವರ, ಹೊಟ್ಟೆನೋವು, ವಾಂತಿ. ಅಪೆಂಡಿಕ್ಸ್ ಇರಬಹುದೆಂದು ಸರ್ಜನ್ ಹತ್ತಿರ ಹೋಗಿ ಅಲ್ಲಿಂದ ನಮ್ಮ ಕಡೆ ಬಂದಿದ್ದ. ಕಣ್ಣು ಕೆಂಪಗಿತ್ತು, ಗೀಜು ಇರಲಿಲ್ಲ. ತುಟಿ ಒಡೆದಿತ್ತು. ಮೈ ಸುಡುತ್ತಿದ್ದರೂ ಅಂಗೈ ತಣ್ಣಗೆ. ಆರ್‌ಟಿ-ಪಿಸಿಆರ್ ನೆಗೆಟಿವ್.

“ಅಮ್ಮಾ, ಹೋದ ತಿಂಗಳು ಮನೇಲಿ ಯಾರಿಗಾದರೂ ಜ್ವರ ಬಂದಿತ್ತಾ?”

“ಇವರಪ್ಪಂಗೆ ಬಂದಿತ್ತು ಸಾರ್, ಕೋವಿಡ್ಡು. ಇವನಿಗೇನೂ ಆಗ್ಲಿಲ್ಲ. ಮನೆ ತುಂಬಾ ಕುಣ್ಕೊಂಡಿದ್ದ.”

ನನಗೆ ಬೇಕಿದ್ದ ಉತ್ತರ ಅದೇ. ಅಪ್ಪನ ಜೊತೆ ಮಗನಿಗೂ ಸೋಂಕು ತಗುಲಿ, ಸದ್ದಿಲ್ಲದೆ ಹೋಗಿತ್ತು. ಎರಡರಿಂದ ಆರು ವಾರದ ನಂತರ ಕೆಲವೇ ಮಕ್ಕಳಲ್ಲಿ ದೇಹದ ರೋಗನಿರೋಧಕ ಶಕ್ತಿಯೇ ಕೆರಳಿ ಹೃದಯ, ರಕ್ತನಾಳ, ಕರುಳಿನ ಮೇಲೆ ಏರಿಹೋಗುತ್ತದೆ. ಇದೇ ಎಂಐಎಸ್-ಸಿ, ಅಂದರೆ ಮಕ್ಕಳಲ್ಲಿ ಹಲವು ಅಂಗಗಳಿಗೆ ಒಟ್ಟಿಗೆ ಬರುವ ಉರಿಯೂತ. ವೈರಸ್ ಅಷ್ಟರಲ್ಲಿ ಜಾಗ ಖಾಲಿ ಮಾಡಿರುವುದರಿಂದ ಮೂಗಿನ ಸ್ವಾಬ್ ಹೆಚ್ಚಾಗಿ ನೆಗೆಟಿವ್. ಸುಳಿವು ಸಿಗುವುದು ಆಂಟಿಬಾಡಿ ಪರೀಕ್ಷೆಯಲ್ಲಿ. 2020ರ ಏಪ್ರಿಲ್ ಕೊನೆಗೆ ಬ್ರಿಟನ್ನಿನ ವೈದ್ಯರು ಇದರ ಬಗ್ಗೆ ಎಚ್ಚರಿಸಿದಾಗ ಕವಾಸಾಕಿ ಕಾಯಿಲೆಯ (ಮಕ್ಕಳ ರಕ್ತನಾಳಗಳ ಉರಿಯೂತ) ಹಾಗೆ ಕಾಣುತ್ತದೆ ಎಂದಿದ್ದರು. ಆದರೆ ಕವಾಸಾಕಿ ಬರುವುದು ಹೆಚ್ಚಾಗಿ ಐದು ವರ್ಷದೊಳಗಿನವರಿಗೆ. ಇದು ಶಾಲೆಗೆ ಹೋಗುವ ವಯಸ್ಸಿನವರಿಗೆ, ಅದೂ ಬಿಪಿ ಕುಸಿದ ಸ್ಥಿತಿಯಲ್ಲಿ.

ನಮ್ಮಲ್ಲಿ ಇನ್ನೊಂದು ತಲೆನೋವು: ಮಳೆಗಾಲ, ಡೆಂಗಿ. ಅದರಲ್ಲೂ ಜ್ವರ, ಹೊಟ್ಟೆನೋವು, ಮೈಮೇಲೆ ಗಂಧೆ, ಇಳಿದ ಪ್ಲೇಟ್‌ಲೆಟ್, ಕುಸಿದ ಬಿಪಿ. ಡೆಂಗಿಯಲ್ಲಿ ರಕ್ತನಾಳದಿಂದ ನೀರಿನಂಶ ಸೋರಿಹೋಗುತ್ತದೆ, ಅಳತೆಯಿಟ್ಟು ಕೊಟ್ಟ ಸಲೈನೇ ಜೀವ ಉಳಿಸುತ್ತದೆ. ಎಂಐಎಸ್-ಸಿಯಲ್ಲಿ ಎಷ್ಟೋ ಸಲ ಹೃದಯವೇ ಸೋತಿರುತ್ತದೆ. ಬಾಟಲಿ ಮೇಲೆ ಬಾಟಲಿ ಏರಿಸಿದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಆ ಹುಡುಗನಿಗೆ ಸಲೈನ್ ಸ್ವಲ್ಪ ಹರಿಸುವುದು, ನಿಲ್ಲಿಸುವುದು, ನೀರು ಹೆಚ್ಚಾಗಿ ಪಿತ್ತಜನಕಾಂಗ ಊದಿತೇ ಎಂದು ಬೆರಳಿಟ್ಟು ನೋಡುವುದು, ಮತ್ತೆ ಸ್ವಲ್ಪ. ಎಕೋದಲ್ಲಿ (ಹೃದಯದ ಸ್ಕ್ಯಾನ್) ಹೃದಯ ಸೋಮಾರಿಯಾಗಿ ಹಿಂಡುತ್ತಿರುವುದು ಕಂಡ ಕೂಡಲೇ ಅದಕ್ಕೆ ಬಲ ಕೊಡಲು ಅಡ್ರಿನಲಿನ್ ಡ್ರಿಪ್ ಶುರು ಮಾಡಿದೆವು.

ಔಷಧಿ ಐವಿಐಜಿ, ಅಂದರೆ ದಾನಿಗಳ ರಕ್ತದಿಂದ ತೆಗೆದು ರಕ್ತನಾಳಕ್ಕೆ ಹರಿಸುವ ಆಂಟಿಬಾಡಿ. ಮೈತೂಕದ ಕೆ.ಜಿ.ಗೆ 2 ಗ್ರಾಂ. ಇಪ್ಪತ್ತು ಕೆ.ಜಿ. ಹುಡುಗನಿಗೆ 5 ಗ್ರಾಂನ ಎಂಟು ಬಾಟಲಿ. ಒಂದೊಂದರ ಬೆಲೆಯೂ ಸಾವಿರಗಳಲ್ಲಿ. ಅಪ್ಪನ ಚಿಕಿತ್ಸೆಗೆ ಆಗಲೇ ಸಾಲ ಮಾಡಿದ್ದ ಮನೆ. ಜೊತೆಗೆ ಸ್ಟೀರಾಯ್ಡ್. ಐವಿಐಜಿ ಕೈಗೆಟುಕದ ಮಕ್ಕಳಿಗೆ ಸ್ಟೀರಾಯ್ಡ್ ಒಂದನ್ನೇ ನೆಚ್ಚಿಕೊಂಡಾಗ ನನಗೆ ಅಳುಕಿತ್ತು. ಅಂಥವರೂ ಹೆಚ್ಚುಕಮ್ಮಿ ಅಷ್ಟೇ ಚೆನ್ನಾಗಿ ಚೇತರಿಸಿಕೊಳ್ಳುತ್ತಾರೆಂದು ಆಮೇಲೆ ಅಧ್ಯಯನಗಳೂ ಹೇಳಿದವು.

ಇದೇ ಹೊತ್ತಿಗೆ ಟಿವಿಗಳಲ್ಲಿ ‘ಮೂರನೇ ಅಲೆ ಮಕ್ಕಳ ಮೇಲೆ’ ಎಂಬ ಕೂಗು. ಅದೇ ಜೂನ್-ಜುಲೈನ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಸಮೀಕ್ಷೆಯಲ್ಲಿ 6ರಿಂದ 17 ವರ್ಷದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಆಗಲೇ ಆಂಟಿಬಾಡಿ ಇತ್ತು. ಅಂದರೆ ಬಹುಪಾಲು ಮಕ್ಕಳಿಗೆ ಬಂದು ಹೋದದ್ದೇ ಗೊತ್ತಾಗಿರಲಿಲ್ಲ. ಹದಿನೆಂಟರೊಳಗಿನವರಿಗೆ ವೈರಸ್ ವಿರುದ್ಧದ ಔಷಧಿ ರೆಮ್ಡೆಸಿವಿರ್ ಬೇಡವೆಂದು ಕೇಂದ್ರದ ಮಾರ್ಗಸೂಚಿ ಅದೇ ಜೂನ್‌ನಲ್ಲಿ ಹೇಳಿತ್ತು. ಆದರೂ ಸಣ್ಣ ಕೆಮ್ಮಿನ ಮಗುವಿಗೆ ಬೇಕಿಲ್ಲದ ಎದೆಯ ಸಿಟಿ ಸ್ಕ್ಯಾನ್ ಮಾಡಿಸಿಕೊಂಡು ಬಂದವರನ್ನು ಕಂಡು ಸಿಟ್ಟು ಬಂದದ್ದುಂಟು. ಸಿಟ್ಟು ಬರೆದುಕೊಟ್ಟವರ ಮೇಲೆ. 2022ರ ಜನವರಿಯಲ್ಲಿ ಒಮೈಕ್ರಾನ್ ಬಂದಾಗ ನಾಯಿ ಬೊಗಳಿದಂಥ ಕೆಮ್ಮು, ಜ್ವರದ ಫಿಟ್ಸ್ ಎಂದು ಬಂದರು. ಹೆಚ್ಚಿನವರು ಎರಡು ದಿನದಲ್ಲಿ ಮನೆಗೆ. ಕೈ ಮುರಿದುಕೊಂಡು ಬಂದವನ ಸ್ವಾಬ್ ಪಾಸಿಟಿವ್ ಬಂದರೆ ಅವನೂ ಕೋವಿಡ್ ಲೆಕ್ಕಕ್ಕೆ!

ನಮ್ಮ ಹುಡುಗನ ಹೃದಯ ಆರು ವಾರದ ಎಕೋದಲ್ಲಿ ಸರಿಯಾಗಿತ್ತು. ಐವಿಐಜಿ ಪಡೆದ ಮಕ್ಕಳ ಅಪ್ಪ-ಅಮ್ಮಂದಿರಿಗೆ ಒಂದು ಮಾತು: ಡಿಸ್ಚಾರ್ಜ್ ಚೀಟಿ ಜೋಪಾನ. ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ), ಸೀತಾಳೆ ಸಿಡುಬಿನಂಥ ಜೀವಂತ ಲಸಿಕೆಗಳನ್ನು ಅವರಿಗೆ 11 ತಿಂಗಳು ಮುಂದೂಡಬೇಕು. ಲಸಿಕೆ ಹಾಕುವವರಿಗೆ ಅದನ್ನು ಹೇಳುವುದು ಆ ಚೀಟಿ ಮಾತ್ರ.