ಮಳೆ ತೊಳೆಯದ ಮಣ್ಣು

ಮಡಿಕೇರಿಯಿಂದ ಭಾಗಮಂಡಲಕ್ಕೆ ಹೋಗುವಾಗ ರಸ್ತೆ ಪಕ್ಕದ ಬರೆಯನ್ನು ಒಮ್ಮೆ ನಿಂತು ನೋಡಿ. ಮೇಲೆ ಎಲೆ ಕೊಳೆತ ಕಪ್ಪು ಮಣ್ಣು, ಕೆಳಗೆ ಆಳೆತ್ತರ ಕೆಂಪು. ನಮ್ಮ ಮಳೆ ಸುಣ್ಣದಂಶವನ್ನು ತೊಳೆದು ಹೊಳೆಗೆ ಸೇರಿಸುತ್ತದೆ, ಕಬ್ಬಿಣದಂಶವನ್ನು ಬಿಟ್ಟು ಹೋಗುತ್ತದೆ. ಕಾಫಿ ತೋಟಕ್ಕೆ ಆಗಾಗ ಸುಣ್ಣ ಹಾಕುವುದು ಇದಕ್ಕೇ ಅಲ್ವಾ?

ಈಗ ಮಳೆಯೇ ಬೀಳದ ಬೆಟ್ಟಗಳನ್ನು ನೆನೆಸಿಕೊಳ್ಳಿ. ಅಂಟಾರ್ಕ್ಟಿಕಾದಲ್ಲಿ ಹಿಮ ಮುಚ್ಚದ ನೆಲ ನೂರಕ್ಕೆ ಒಂದು ಪಾಲೂ ಇಲ್ಲ. ಇರುವುದರಲ್ಲಿ ದೊಡ್ಡದು ಮ್ಯಾಕ್‌ಮರ್ಡೊ ಒಣಕಣಿವೆಗಳು. 1903ರಲ್ಲಿ ಬ್ರಿಟಿಷ್ ಅನ್ವೇಷಕ ರಾಬರ್ಟ್ ಸ್ಕಾಟ್ ಅಲ್ಲಿಗೆ ಇಳಿದಿದ್ದರು. ಕಣಿವೆಯ ತಳದಲ್ಲೇ ವರ್ಷದ ಸರಾಸರಿ ಉಷ್ಣತೆ ಸೊನ್ನೆಗಿಂತ ಸುಮಾರು 20 ಡಿಗ್ರಿ ಕೆಳಗೆ. ಬೀಳುವ ಚೂರುಪಾರು ಹಿಮವೂ ಹೆಚ್ಚಾಗಿ ನೀರಾಗದೆ ನೇರವಾಗಿ ಆವಿಯಾಗುತ್ತದೆ.

ಗಿಡವಿಲ್ಲ, ಎರೆಹುಳವಿಲ್ಲ. ಅದನ್ನು ಮಣ್ಣು ಅನ್ನಬಹುದೇ ಎಂಬ ಚರ್ಚೆ ಹಿಂದೆ ನಡೆದಿತ್ತು. ಅನ್ನಲೇಬೇಕು ಎಂಬುದು ನನ್ನ ಅಭಿಪ್ರಾಯ. ಅಗೆದು ನೋಡಿದರೆ ಅಲ್ಲೂ ಪದರಗಳಿವೆ.

ಈ ಮಣ್ಣಿನ ನಕ್ಷೆ ಮಾಡುವವರು ಮೇಲಿನಿಂದ ತೆಗೆದ ಚಿತ್ರಗಳಲ್ಲಿ ನೆಲದ ಬಿರುಕುಗಳನ್ನು ಗುರುತಿಸುತ್ತಾರೆ. ಚಳಿಗೆ ನೆಲ ಒಡೆದು ಜೇನುಗೂಡಿನಂಥ ಬಹುಭುಜಗಳಾಗಿರುತ್ತವೆ. ಆಮೇಲೆ ಗುಂಡಿ ತೋಡುತ್ತಾರೆ. ಮೊದಲ ಪ್ರಶ್ನೆ: ಸದಾ ಹೆಪ್ಪುಗಟ್ಟಿದ ಪದರ ಎಷ್ಟು ಆಳದಲ್ಲಿದೆ? ಅದು ಸಾಮಾನ್ಯವಾಗಿ ಒಂದು ಮೀಟರ್ ಒಳಗೇ ಸಿಕ್ಕರೆ ಅಮೆರಿಕದ ಮಣ್ಣಿನ ವರ್ಗೀಕರಣದಲ್ಲಿ ಅದು ಜೆಲಿಸಾಲ್. ಅದರಲ್ಲಿ ಮೂರು ಬಗೆ. ಕೊಳೆತ ಸಸ್ಯವೇ ಜಾಸ್ತಿಯಿದ್ದರೆ ಹಿಸ್ಟೆಲ್. ಹೆಪ್ಪುಗಟ್ಟಿ ಕರಗುವ ಆಟಕ್ಕೆ ಮಣ್ಣು ಮಗುಚಿಬಿದ್ದಿದ್ದರೆ ಟರ್ಬೆಲ್. ಎರಡೂ ಅಲ್ಲದ್ದು ಆರ್ಥೆಲ್. ಒಣಕಣಿವೆಗಳಲ್ಲಿ ಇನ್ನೊಂದು ವಿಚಿತ್ರವಿದೆ. ಕೆಲವು ಕಡೆ ಹೆಪ್ಪುಗಟ್ಟಿದ ಪದರದಲ್ಲೂ ಮಂಜುಗಡ್ಡೆ ಇರುವುದಿಲ್ಲ. ಸೊನ್ನೆಗಿಂತ ಎಷ್ಟೋ ಕೆಳಗಿರುವ ಮರಳು ಬೆರಳ ಸಂದಿನಲ್ಲಿ ಸುಮ್ನೆ ಉದುರುತ್ತದೆ!

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಉಪ್ಪಿನ ಕತೆ. ಸಮುದ್ರದಿಂದ, ಗಾಳಿಯಿಂದ ಬಂದ ಉಪ್ಪನ್ನು ತೊಳೆಯುವವರು ಅಲ್ಲಿ ಯಾರೂ ಇಲ್ಲ. ಎಳೆಯ ಮಣ್ಣಿನಲ್ಲಿ ಕಲ್ಲುಗಳ ಅಡಿಗೆ ಮಾತ್ರ ಬಿಳಿ ಲೇಪ. ವಯಸ್ಸಾದಂತೆ ಮಣ್ಣಿನೊಳಗೆ ಉಪ್ಪಿನ ಚುಕ್ಕಿಗಳು, ಕೊನೆಗೆ ಗಟ್ಟಿ ಉಪ್ಪಿನ ಪದರ. ಅದನ್ನು ನೋಡಿಯೇ ಯಾವ ಇಳಿಜಾರು ಎಳೆಯದು, ಯಾವುದು ಲಕ್ಷಾಂತರ ವರ್ಷ ಹಳೆಯದು ಎಂದು ಅಂದಾಜಿಸುತ್ತಾರೆ. ಅಲ್ಲೂ ಹಳೆಯ ಮಣ್ಣು ನಿಧಾನವಾಗಿ ಕೆಂಪಾಗುತ್ತದೆ.

ಕೆಲಸ ಮುಗಿದ ಮೇಲೆ ಗುಂಡಿಗೆ ಮಣ್ಣನ್ನು ತೆಗೆದ ಕ್ರಮದಲ್ಲೇ ತುಂಬಬೇಕು. ಮೇಲಿನ ಕಲ್ಲುಗಳನ್ನು ಬಿಸಿಲು ಕಂಡ ಬದಿ ಮೇಲಾಗುವಂತೆ ಜೋಡಿಸಬೇಕು. ಅಲ್ಲಿ ಒಂದು ಹೆಜ್ಜೆ ಗುರುತು ದಶಕಗಳ ಕಾಲ ಉಳಿಯುತ್ತದೆ. ನಮ್ಮ ಗದ್ದೆಯಲ್ಲಾದರೆ ಮಳೆಗಾಲದ ಕಕ್ಕಡ ತಿಂಗಳ ಒಂದು ರಾತ್ರಿಯ ಮಳೆ ಸಾಕು.