ಔಷಧಿ ಕೊಡದ ಕಂಟ್ರೋಲ್ ಮರಿಗೂ ಆಂಟಿಬಾಡಿ ಬಂದಿಲ್ಲ ಅಂದ್ರೆ ಔಷಧೀದೇನ್ರಿ ತಪ್ಪು?

ದಾವಣಗೆರೇಲಿ ಫಾರ್ಮಸಿ ಮಕ್ಕಳಿಗೆ ಟಾಕ್ಸಿಕಾಲಜಿ ಹೇಳ್ಕೊಡ್ತೀನಿ, ಪ್ರತಿ ಬ್ಯಾಚಲ್ಲೂ ಒಬ್ಬರಾದ್ರೂ ಇದೇ ರಿಸಲ್ಟ್ ಹಿಡ್ಕೊಂಡು ಬರ್ತಾರೆ. 10 ದಿನದ ಇಲಿಮರಿಗೆ ಕೆಎಲ್ಎಚ್ (ಇಮ್ಯುನಿಟಿ ಕೆಣಕೋಕೆ ಕೊಡೋ ಹೊರಗಿನ ಪ್ರೋಟೀನು, ಅಂದ್ರೆ ಆಂಟಿಜೆನ್) ಚುಚ್ಚಿ, 5 ದಿನ ಬಿಟ್ಟು ರಕ್ತ ತೆಗ್ದು ಆಂಟಿಬಾಡಿ ಅಳೆಯೋ ಎಲೈಸಾ ಟೆಸ್ಟ್ ಹಾಕಿರ್ತಾರೆ, ಔಷಧಿ ಕೊಟ್ಟ ಮರಿಗಳಲ್ಲಿ ಐಜಿಎಂ (ಮೊದ್ಲು ಬರೋ ಆಂಟಿಬಾಡಿ) ಇಲ್ಲವೇ ಇಲ್ಲ. 'ಸರ್, ಇಮ್ಯುನಿಟಿ ಪೂರ್ತಿ ಸಪ್ರೆಸ್ ಆಗಿದೆ!' ಕಂಟ್ರೋಲ್ ಕಾಲಂ ನೋಡ್ರಪ್ಪಾ ಅಂದ್ರೆ ಅಲ್ಲೂ ಸೊನ್ನೆ.

ಇಲ್ದೇ ಇರೋದನ್ನ ಔಷಧಿ ಹೆಂಗೆ ಕಮ್ಮಿ ಮಾಡುತ್ತೆ?

ಇಲಿಮರಿ ಅಂದ್ರೆ ತೂಕ ಕಮ್ಮಿ ಇರೋ ಇಲಿ ಅಲ್ಲ. ಹುಟ್ಟಿದಾಗ ಇಮ್ಯುನಿಟಿಗೆ ಬೇಕಾದ ಟಿ ಸೆಲ್, ಬಿ ಸೆಲ್, ಗುಲ್ಮ (ಸ್ಪ್ಲೀನ್) ಯಾವುದೂ ಪೂರ್ತಿ ರೆಡಿ ಇರಲ್ಲ, 21 ದಿನಕ್ಕೆ ಹಾಲು ಬಿಡೋ ಹೊತ್ತಿಗೂ ದೊಡ್ಡ ಇಲಿ ಮಟ್ಟಕ್ಕೆ ಬಂದಿರಲ್ಲ. ಅದಕ್ಕೇ ಮೊದ್ಲು ಔಷಧೀನ ಪಕ್ಕಕ್ಕಿಡಿ, ಏನೂ ಕೊಡದ ಮರಿಗಳಿಗೆ ಬೇರೆ ಬೇರೆ ವಯಸ್ಸಲ್ಲಿ ಆಂಟಿಜೆನ್ ಕೊಟ್ಟು ಯಾವ ವಯಸ್ಸಿಗೆ ಎಷ್ಟು ಬರುತ್ತೆ, ಐಜಿಎಂ ಯಾವತ್ತು ಪೀಕ್, ಐಜಿಜಿ (ಆಮೇಲೆ ಬರೋ ಆಂಟಿಬಾಡಿ) ಯಾವತ್ತು ಪೀಕ್ ಅಂತ ತಿಳ್ಕೊಳ್ಳಿ. ಆಮೇಲೆ ಅದೇ ವಯಸ್ಸಿನ ಮರಿಗೆ ಇಮ್ಯುನಿಟಿ ಇಳಿಸುತ್ತೆ ಅಂತ ಮೊದ್ಲೇ ಗೊತ್ತಿರೋ ಸೈಕ್ಲೋಫಾಸ್ಫಮೈಡ್ ಕೊಟ್ಟು ಆಂಟಿಬಾಡಿ ಇಳಿದಿದ್ದು ಟೆಸ್ಟಲ್ಲಿ ಕಾಣುತ್ತಾ ನೋಡಿ. ಕಂಡ ಮೇಲೆ ನಿಮ್ಮ ಔಷಧಿ ಸರದಿ. ದೊಡ್ಡ ಇಲಿ ಡೇಟಾ ಕಂಟ್ರೋಲ್ ಆಗಲ್ಲ, ಹೋದ ವರ್ಷದ ಮರಿಗಳದ್ದೂ ಆಗಲ್ಲ, ಅದೇ ವಯಸ್ಸು, ಅದೇ ದಿನ ಚುಚ್ಚಿದ ಮರಿಗಳೇ ಬೇಕು. ಇಷ್ಟು ಹೇಳಿದ ಮೇಲೂ 'ಡೋಸ್ ತೂಕಕ್ಕೆ ಸರಿಮಾಡಿದೀವಲ್ಲ ಸರ್' ಅಂತಾರೆ, ತಲೆ ಚಚ್ಕೋಬೇಕು.

ಚಳ್ಳಕೆರೆ ಕಡೆ ಕುರಿ ಸಾಕೋರನ್ನ ಕೇಳಿ, ಮರಿಗೆ 3-4 ತಿಂಗಳು ತುಂಬೋ ತನಕ ಪಿಪಿಆರ್ (ಕುರಿ-ಮೇಕೆಗೆ ಬರೋ ವೈರಸ್ ರೋಗ) ಲಸಿಕೆ ಹಾಕ್ಸಲ್ಲ, ಗಿಣ್ಣುಹಾಲಲ್ಲಿ ಬಂದ ತಾಯಿ ಆಂಟಿಬಾಡಿ ಲಸಿಕೆಗೆ ಅಡ್ಡ ಬರುತ್ತೆ. ಕುರಿಹಟ್ಟಿ ಮನೆಯ ಹುಡುಗ ಒಬ್ಬ 'ಇಲಿಲೂ ಹಂಗೇನಾ ಸರ್' ಅಂದ, ಖುಷಿಯಾಯ್ತು, ಓದಿ ಬಾಯಿಪಾಠ ಮಾಡಿದೋರು ಕೇಳೋ ಪ್ರಶ್ನೆ ಅಲ್ಲ ಅದು. ಇಲಿಮರಿಗೂ ಹಾಲಿಂದ ಐಜಿಜಿ ಕರುಳು ದಾಟಿ ಹೋಗುತ್ತೆ ನಿಜ, ಆದ್ರೆ ಕೆಎಲ್ಎಚ್ ಕ್ಯಾಲಿಫೋರ್ನಿಯಾ ಸಮುದ್ರದ ಒಂದು ಜಾತಿ ಬಸವನಹುಳದ ಪ್ರೋಟೀನು, ತಾಯಿ ಇಲಿ ಅದನ್ನ ಕಂಡೇ ಇರಲ್ಲ. ಹಂಗಾಗಿ ಇಲ್ಲಿ ಮುಖ್ಯವಾಗಿ ನೋಡ್ಬೇಕಾದ್ದು ಮರಿ ವಯಸ್ಸನ್ನೇ.

ಇನ್ನೊಂದು, ಮಕ್ಕಳ ಔಷಧಿಗೆಲ್ಲ ಮರಿ ಸ್ಟಡಿ ಕಡ್ಡಾಯ ಅಂತೇನಿಲ್ಲ, ಔಷಧಿ ನಿಯಮಗಳನ್ನ ಹೊಂದಿಸೋ ಅಂತರರಾಷ್ಟ್ರೀಯ ಸಂಸ್ಥೆ ಐಸಿಎಚ್‌ನ 2020ರ ಎಸ್11 ಗೈಡ್‌ಲೈನ್ ಓದಿ, ಕಾರಣ ಇದ್ರೆ ಮಾತ್ರ ಮರಿಗಳನ್ನ ಬಳಸಿ. ನಾನು ಹೇಳಿದ್ದು ಇಲಿ ಲೆಕ್ಕ, ನಾಯಿಮರಿ ಹಂದಿಮರಿಗೆ ಹಂಗಂಗೇ ಹೊಂದಿಸ್ಬೇಡಿ. ಮತ್ತೆ ಒಂದೇ ತಾಯಿಯ 8 ಮರೀನ ಒಂದೇ ಗ್ರೂಪಿಗೆ ತುಂಬಿ 'ಎನ್ 8' (ಅಂದ್ರೆ ಸ್ಯಾಂಪಲ್ ಎಂಟು) ಅಂತ ಬರ್ಕೊಂಡು ಬರ್ಬೇಡಿ, ನಾನು ಅದನ್ನ ಒಂದು ಅಂತಲೇ ಎಣಿಸೋದು.