ಸಕ್ಕರೆ ನಾಡಿನಲ್ಲಿ ಸಕ್ಕರೆ ಬಿಡಿಸುವ ಮಾತು

ಮಂಡ್ಯ ಕಡೆ ರೇಷ್ಮೆ ಸಾಕುವ ಮನೆಯ ಹಿತ್ತಲಿಗೆ ಹೋಗಿ ನೋಡಿ. ಹುಳು ಸೊಪ್ಪು ಮೇಯ್ದು ಬಿಟ್ಟ ಹಿಪ್ಪುನೇರಳೆ ಕಡ್ಡಿ ರಾಶಿ ಬಿದ್ದಿರುತ್ತದೆ. ಒಣಗಿದ ಮೇಲೆ ಸೀದಾ ನೀರೊಲೆಗೆ. ಟಿಪ್ಪು ಕಾಲದಿಂದ ರೇಷ್ಮೆ ಕಂಡ ಸೀಮೆ ಇದು, ಕಡ್ಡಿಗೆ ಯಾರು ಮರ್ಯಾದೆ ಕೊಡ್ತಾರೆ? ಆದರೆ ಆ ಕಡ್ಡಿಯಲ್ಲಿ, ಬೇರಿನ ತೊಗಟೆಯಲ್ಲಿ ಮಲ್ಬೆರೋಸೈಡ್-ಎ ಎಂಬ ವಸ್ತುವಿದೆ. ಚರ್ಮದ ಬಣ್ಣ ತಿಳಿಯಾಗಿಸುವ ಕ್ರೀಮು ಹುಡುಕುವವರಿಗೆ ಅದರ ಮೇಲೆ ಕಣ್ಣು.

ಹಾಗಂತ ಸೊಪ್ಪು ಅರೆದು ಮುಖಕ್ಕೆ ಮೆತ್ತಬೇಡಿ. ನಮ್ಮ ನೆಂಟರ ಹುಡುಗಿ ಮದುವೆಗೆ ವಾರ ಇರುವಾಗ ಮೆತ್ತಿಕೊಂಡಳು. ದಿಂಬು ಹಸಿರಾಯಿತು, ಅಷ್ಟೇ.

ಈರನಗೆರೆ ಬದನೆಕಾಯಿ ಹೆಚ್ಚಿ ನೀರಿಗೆ ಹಾಕದಿದ್ದರೆ ಕಪ್ಪಾಗುತ್ತೆ ಅಲ್ವಾ? ಚರ್ಮದಲ್ಲಿ ಮೆಲನಿನ್ ಎಂಬ ಕಪ್ಪು ಬಣ್ಣ ಆಗುವುದೂ ಅದರ ದಾಯಾದಿ ಕೆಲಸವೇ. ಮಾಡಿಸುವುದು ಟೈರೋಸಿನೇಸ್ ಎಂಬ ಎಂಜೈಮ್. ಅದರೊಳಗೊಂದು ಗೂಡು, ಗೂಡಿನಲ್ಲಿ ಎರಡು ತಾಮ್ರದ ಪರಮಾಣು. ಬಣ್ಣದ ಕಚ್ಚಾಮಾಲು ಟೈರೋಸಿನ್ ಬಂದು ಅಲ್ಲಿ ಕೂತರೆ ಬಣ್ಣ ಶುರು. ಬೇರೆ ಯಾರೋ ಮೊದಲೇ ಟವೆಲ್ ಹಾಕಿ ಸೀಟು ಹಿಡಿದರೆ ಕೆಲಸ ಕುಂಟುತ್ತದೆ.

ಮಲ್ಬೆರೋಸೈಡ್‌ಗೆ ಆ ಸೀಟು ಸಲೀಸಾಗಿ ಸಿಗುವುದಿಲ್ಲ. ಅದರ ಎರಡೂ ಕಡೆ ಒಂದೊಂದು ಗ್ಲೂಕೋಸ್ ಮೂಟೆ. ಎರಡು ಕಂಕುಳಲ್ಲೂ ಬೆಲ್ಲದ ಮೂಟೆ ಅವುಚಿಕೊಂಡು ಬಸ್ಸಿನ ಬಾಗಿಲಲ್ಲಿ ಸಿಕ್ಕಿಕೊಂಡ ಹಾಗೆ. ಆಮ್ಲವೋ ಎಂಜೈಮೋ ಬಳಸಿ ಮೂಟೆ ಇಳಿಸಿದರೆ ಉಳಿಯುವುದು ಆಕ್ಸಿರೆಸ್ವೆರಟ್ರಾಲ್. ಅದಕ್ಕೆ ನಾಲ್ಕು ಓಎಚ್ (ಆಮ್ಲಜನಕ-ಜಲಜನಕದ ಜೋಡಿ) ಕೈಗಳು, ನಾಲ್ಕೂ ಖಾಲಿ. ಅಕ್ಕಿಗೆ ಹಿಡಿಸುವ ಬೂಷ್ಟಿನಿಂದ ಜಪಾನಿನಲ್ಲಿ 1907ರಲ್ಲಿ ಸಿಕ್ಕ ಕೋಜಿಕ್ ಆಸಿಡ್ ಈ ಧಂದೆಯ ಹಳೇ ಪೈಲ್ವಾನ. ಪ್ರಯೋಗಾಲಯದಲ್ಲಿ ಆಕ್ಸಿರೆಸ್ವೆರಟ್ರಾಲ್ ಅದಕ್ಕಿಂತ 32 ಪಟ್ಟು ಜೋರು. ದ್ರಾಕ್ಷಿಯ ರೆಸ್ವೆರಟ್ರಾಲ್‌ಗೆ ಒಂದು ಕೈ ಮಾತ್ರ ಕಮ್ಮಿ, ಆದರೂ ಇದರ ಮುಂದೆ ಸಪ್ಪೆ.

ಆದರೆ ಆ 32 ಅಣಬೆಯ ಟೈರೋಸಿನೇಸ್ ಮೇಲೆ ಬಂದ ಲೆಕ್ಕ. ಮನುಷ್ಯರದ್ದು ಬೇರೆ ಜಾತಿ. ಡಬ್ಬಿ ಮಾರುವವರು ಇದನ್ನು ಬಾಯಿಬಿಡಲ್ಲ.

ಸಕ್ಕರೆ ಯಾವಾಗಲೂ ಶತ್ರು ಅಂತಲ್ಲ. ಹೈಡ್ರೋಕ್ವಿನೋನ್ ಕೂಡ ಚರ್ಮದ ಬಣ್ಣ ತಿಳಿಯಾಗಿಸುವ ವಸ್ತುವೇ. ಹೈಡ್ರೋಕ್ವಿನೋನ್‌ಗೆ ಗ್ಲೂಕೋಸ್ ಅಂಟಿದರೆ ಅರ್ಬುಟಿನ್, ಕೆಲವು ಗಿಡಗಳೇ ಮಾಡಿಡುತ್ತವೆ. ಅಲ್ಲಿ ಮೂಟೆ ಇರುವುದೇ ಒಳ್ಳೆಯದು, ಚರ್ಮಕ್ಕೆ ಹೈಡ್ರೋಕ್ವಿನೋನ್‌ಗಿಂತ ಸೌಮ್ಯ.

ಇನ್ನು ಖಾಲಿ ಕೈಯ ಆಕ್ಸಿರೆಸ್ವೆರಟ್ರಾಲ್ ಅಣುವಿಗೆ ಇನ್ನೊಂದು ಪೇಚು. ಬಿಸಿಲು ತಗುಲಿದರೆ ಅದರ ನಡು ಬಾಗುತ್ತದೆ, ಗಾಳಿಗೂ ಬಾಳಿಕೆ ಕಮ್ಮಿ. ಅದಕ್ಕೇ ರಸಾಯನಶಾಸ್ತ್ರಜ್ಞರು ಆ ಕೈಗಳಿಗೆ ಅಸಿಟೈಲ್ ಎಂಬ ಪುಟ್ಟ ಕವಚ ತೊಡಿಸಿ ನೋಡುತ್ತಿದ್ದಾರೆ. ಚರ್ಮದೊಳಗೆ ಹೋದ ಮೇಲೆ ಅಲ್ಲಿನ ಎಂಜೈಮ್‌ಗಳೇ ಕವಚ ಕಳಚಲಿ ಎಂಬ ಆಸೆ. ದೊಡ್ಡ ಮೂಟೆ ಇಳಿಸಿ, ಚಿಕ್ಕ ಗಂಟು ಕಟ್ಟುವ ಕೆಲಸ.